ಕರಿಬಸವರಾಜರ ಇಂಜಿನ್ನೂ ನಾನು ಹಚ್ಚಿದ ವಿಭೂತಿಯೂ

ದಾವಣಗೆರೆ–ಹರಿಹರದ ಸೀಮೆಯಲ್ಲಿ ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳಬಲ್ಲವರು ಹಲವರಿದ್ದಾರೆ. ಆ ರೋಗ ಏಕೆ ಬಂತೆಂದು ಹಲಗೆಯ ಮೇಲೆ ಚಿತ್ರ ಬರೆದು ತಿಳಿಸಬಲ್ಲವರು, ನಾನು ಕಂಡಂತೆ, ಒಬ್ಬರೇ. ಅವರು ನಮ್ಮ ಪಾಲಿಟೆಕ್ನಿಕ್ಕಿನ ಇಂಜಿನ್ ಪ್ರಯೋಗಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಇದೀಗ ನಿವೃತ್ತರಾಗುತ್ತಿರುವ ಶ್ರೀ ಕರಿಬಸವರಾಜರು. ಅವರ ಅಭಿನಂದನ ಗ್ರಂಥಕ್ಕೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಹೊಗಳುವುದೇನು ಮಹಾ ಎಂದುಕೊಂಡು ಹೂಂ ಎಂದೆ. ಈಗ ತಪ್ಪೊಪ್ಪಿಗೆ ಬರೆಯುತ್ತಾ ಕುಳಿತಿದ್ದೇನೆ.

ಒಂಬತ್ತು ವರ್ಷಗಳ ಹಿಂದೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದಾಗ ಮೆಕ್ಯಾನಿಕಲ್ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಮೊದಲ ದಿನವೇ ಅವರು ತಮ್ಮ ಬೀರುವಿನ ಒಂದು ಖಾನೆ ಖಾಲಿ ಮಾಡಿ, ಅದರಲ್ಲೊಂದು ಡಬ್ಬಿಯಿಟ್ಟು, “ಗ್ರೀಸ್ ಹತ್ತಿದ್ರೆ ಸೀಮೆಎಣ್ಣೆ ಬ್ಯಾಡ ಮೇಡಂ, ಕಡ್ಲೆಹಿಟ್ಟು ಹಚ್ರಿ” ಎಂದಿದ್ದರು. ಆ ಡಬ್ಬಿ ಒಂದು ದಿನವೂ ಬರಿದಾದದ್ದನ್ನು ನಾನು ನೋಡಲಿಲ್ಲ. ಪತ್ನಿ ಅನ್ನಪೂರ್ಣಮ್ಮನವರು ತೀರಿಕೊಂಡ ಮೇಲೆ ತಾವೇ ರೊಟ್ಟಿ ಬಡಿದುಕೊಂಡು, ಹರಿಹರದಿಂದ ಎಂಟು ಗಂಟೆಯ ಬಸ್ಸು ಹಿಡಿದು, ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವರು ಅವರೇ.

ಆದರೆ ಬೀಗ ತೆಗೆದ ಕೋಣೆಗೆ ಬರುವವರೇ ಕಡಿಮೆಯಾದರು. ಅರವತ್ತಿದ್ದ ವಿದ್ಯಾರ್ಥಿಗಳು ಹನ್ನೊಂದಾದರು. ಉಳಿದ ಹೊತ್ತೆಲ್ಲ ಅವರು ಓಡದ ಇಂಜಿನ್ನುಗಳನ್ನು ಒರೆಸುತ್ತಾ ಒಬ್ಬರೇ ಇರುತ್ತಿದ್ದರು. ಮೂರು ವರ್ಷಗಳ ಹಿಂದೆ, ದಸರಾ ಮುಗಿದೊಡನೆ ಸಮಿತಿಯೊಂದು ಬಂದು ಪ್ರಯೋಗಶಾಲೆ ಇರಬೇಕೋ ಮುಚ್ಚಬೇಕೋ ತೀರ್ಮಾನಿಸುತ್ತದೆಂದು ತಿಳಿಯಿತು. ಹತ್ತೊಂಬತ್ತು ವರ್ಷದಿಂದ ಸುಮ್ಮನಿದ್ದ ಹಳೆಯ ಕಾರಿನ ಇಂಜಿನ್ನಿಗೆ ಹೊಸ ಕಾಲದ ಎಲೆಕ್ಟ್ರಾನಿಕ್ ಕಿಡಿ ಕೊಟ್ಟು, ಸಮಿತಿಯ ಮುಂದೆ ಓಡಿಸಿಯೇ ತೀರುವೆನೆಂದು ಅವರು ಹಟ ತೊಟ್ಟರು.

ಕೆಲಸ ಕೇಳಲು ಸುಲಭ. ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ಕವಾಟ ತೆರೆಯುವ ದಂಡವಾದ ಕ್ಯಾಮ್ ಒಂದು ಸುತ್ತು. ಕ್ರ್ಯಾಂಕಿನ ತುದಿಗೆ ಮೂವತ್ತಾರು ಹಲ್ಲಿನ ಕಬ್ಬಿಣದ ಚಕ್ರ ಕಟ್ಟಿ, ಒಂದು ಹಲ್ಲನ್ನು ಬೇಕೆಂದೇ ಕತ್ತರಿಸಿ ತೆಗೆದರೆ, ಆ ಖಾಲಿ ಜಾಗ ಎದುರಾದಾಗಲೆಲ್ಲ ಸೆನ್ಸರಿಗೆ ಸುತ್ತು ಎಲ್ಲಿಗೆ ಬಂತೆಂದು ಗೊತ್ತಾಗುತ್ತದೆ. ಎರಡರಲ್ಲಿ ಯಾವ ಸುತ್ತೆಂಬುದನ್ನು ಮಾತ್ರ ಕ್ಯಾಮೇ ಹೇಳಬೇಕು. ಅದಕ್ಕಾಗಿ, ಕ್ಯಾಮಿನೊಡನೆ ತಿರುಗುತ್ತಾ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಒಂದೇ ಕಿಂಡಿಯ ತಗಡಿನ ಬಿಲ್ಲೆ ಕೂರಿಸಿ, ಕೆಟ್ಟ ಪ್ರಿಂಟರಿನಿಂದ ಕಿತ್ತ ಬೆಳಕಿನ ಕಣ್ಣೊಂದನ್ನು ಜೋಡಿಸಿದರು. ಕಿಂಡಿಯಲ್ಲಿ ಬೆಳಕು ದಾಟಿದರೆ ಕಿಡಿ, ಇಲ್ಲದಿದ್ದರೆ ಇಲ್ಲ. ಹರಿಹರದ ಲೇತ್ ಅಂಗಡಿಯ ಅಬ್ದುಲ್ ರಹೀಮ್ ಸಾಹೇಬರು ಕೊರೆದುಕೊಟ್ಟ ಮೊದಲ ಚಕ್ರದ ಹಲ್ಲುಗಳು ಒಂದೊಂದೂ ಒಂದೊಂದು ಅಳತೆ. “ಇದು ಮುದುಕನ ಬಾಯಿ ಆತು ಕರಿಬಸಣ್ಣ” ಎಂದು ತಾವೇ ನಕ್ಕು ಇನ್ನೊಂದು ಮಾಡಿಕೊಟ್ಟರಂತೆ. ಆಯುಧಪೂಜೆಗೆ ಮೂರು ದಿನವಿರುವಾಗ ಇಂಜಿನ್ ಗುರ್ರೆಂದಿತು. ಕರಿಬಸವರಾಜರು ನಮಗೆ ಬೆನ್ನು ಮಾಡಿ ಕನ್ನಡಕ ಒರೆಸಿಕೊಂಡರು.

ಪೂಜೆಗೆ ವಿಭಾಗದಿಂದ ಬಂದವಳು ನಾನೊಬ್ಬಳೇ. ಅವರು ಮಂಡಕ್ಕಿ ತರಲು ಹೊರಗೆ ಹೋಗಿದ್ದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆರೆದಿತ್ತು. ಪಾಪ, ಇದೂ ಆಯುಧವೇ ಅಲ್ಲವೇ ಎಂದುಕೊಂಡು ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಬಿಲ್ಲೆಗೆ ಎಳೆದೆ, ಸಾಲದ್ದಕ್ಕೆ ಮುಚ್ಚಳವನ್ನೂ ಹಾಕಿದೆ. ಪೂಜೆಯಾದ ಯಂತ್ರವನ್ನು ದಶಮಿಯ ಸಂಜೆ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟಬಾರದು, ಅದು ನಮ್ಮಲ್ಲಿ ಪದ್ಧತಿ. ಬನ್ನಿ ಮುಡಿದ ಮರುದಿನ ಬೆಳಿಗ್ಗೆ ಹತ್ತಕ್ಕೇ ಸಮಿತಿ ಬಂತು.

ಇಂಜಿನ್ ತಿರುಗಿತು, ತಿರುಗಿತು, ಹತ್ತಲಿಲ್ಲ. ಬ್ಯಾಟರಿ ಸೋಲುವವರೆಗೆ ಪ್ರಯತ್ನಿಸಿ ಅವರು ಕೈ ಮುಗಿದರು. “ನಂದೇ ತಪ್ಪು ಐತೆ ಸಾರ್.” ಸಮಿತಿಯವರು ಚಹಾ ಕುಡಿದು ಹೋದರು. ತಿಂಗಳೊಳಗೆ ಪ್ರಯೋಗಶಾಲೆ ಕಂಪ್ಯೂಟರ್ ಕೋಣೆಯಾಯಿತು, ಇಂಜಿನ್ ಹಿಂದಿನ ಶೆಡ್ಡಿಗೆ ಹೋಯಿತು, ಕರಿಬಸವರಾಜರು ಉಗ್ರಾಣಕ್ಕೆ ಹೋದರು. ಅಲ್ಲಿ ಸೀಮೆಸುಣ್ಣ, ಪೊರಕೆಗಳ ನಡುವೆ ಸುಮಾರು ಮೂರು ವರ್ಷ ಒಬ್ಬರೇ ಕುಳಿತರು. ಸೋತವರ ಮುಖ ನೋಡಲು ಸಂಕೋಚವೆಂದು ನಾನೂ ಆ ಕಡೆ ಹಾಯುವುದನ್ನು ಬಿಟ್ಟೆ. ಅದಕ್ಕೆ ಸಂಕೋಚ ಎಂಬುದು ದೊಡ್ಡ ಮಾತು, ಹೇಡಿತನ ಎನ್ನಬೇಕು.

ಮೊನ್ನೆ ಈ ಗ್ರಂಥಕ್ಕೊಂದು ಫೋಟೋ ಬೇಕೆಂದು ಶೆಡ್ಡಿಗೆ ಹೋಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಬಿಲ್ಲೆಯ ಮೇಲೆ ನನ್ನ ಮೂರು ಬೆರಳಿನ ವಿಭೂತಿ ಹಾಗೇ ಒಣಗಿ ಕೂತಿತ್ತು. ಕಿಂಡಿಯೊಳಗಿನದ್ದನ್ನು ಮಾತ್ರ ಯಾರೋ ಸೂಜಿಯಿಂದ ನೀಟಾಗಿ ಕೆರೆದು ತೆಗೆದಿದ್ದರು. ಅಯ್ಯೋ ಶಿವನೇ, ಎಂದು ಅಲ್ಲೇ ಕುಕ್ಕರುಬಡಿದೆ. ಅವರು ಅಂದು ರಜೆಯಲ್ಲಿದ್ದರು, ಮಧ್ಯಾಹ್ನವೇ ಹರಿಹರದ ಅವರ ಮನೆಗೆ ಹೋದೆ.

“ಅವತ್ತ ಸಂಜೆನೇ ಗೊತ್ತಾತು ಮೇಡಂ,” ಎಂದರು ಕರಿಬಸವರಾಜರು. “ಕೆರೆದೆ, ಬ್ಯಾಟರಿ ಚಾರ್ಜ್ ಮಾಡ್ದೆ, ಒಂದೇ ಏಟಿಗೆ ಚಾಲೂ ಆತು. ಸಮಿತಿಯವರನ್ನ ಮತ್ತೊಮ್ಮೆ ಕರೀರಿ ಅಂತ ಪ್ರಿನ್ಸಿಪಾಲರಿಗೆ ಕೇಳ್ದೆ. ಏನಾಗಿತ್ತು, ಯಾರಿಂದಾತು, ಬರೆದು ಕೊಡ್ರಿ ಅಂದ್ರು. ನಾ ಬರೀಲಿಲ್ಲ.”

“ಯಾಕ್ರಿ ಸಾರ್? ನನ್ನ ಕೆಲಸ ಹೋಗುತ್ತೆ ಅಂತನಾ?”

“ಅದೂ ಐತೆ. ಪೂಜೆಗೆ ಅಂತ ಬಂದಾಕೆ ನೀವೊಬ್ರೇ. ನಿಮ್ಮಿಂದಾತು ಅಂತ ನಿಮಗ ಗೊತ್ತಾಗಿದ್ರೆ ಮುಂದಿನ ವರ್ಷ ನೀವೂ ಬರ್ತಿರ್ಲಿಲ್ಲ.”

ಮುಂದಿನ ವರ್ಷ ನಾನು ಹೋಗಿರಲಿಲ್ಲ. ಅದರ ಮುಂದಿನ ವರ್ಷವೂ ಹೋಗಿರಲಿಲ್ಲ. ಎರಡು ಸಲವೂ ಅವರು ಶೆಡ್ಡಿನ ಬೀಗ ತೆಗೆಸಿ, ಇಬ್ಬರಿಗಾಗುವಷ್ಟು ಮಂಡಕ್ಕಿ ತಂದು, ಮಧ್ಯಾಹ್ನದವರೆಗೆ ಕಾದು ಹೋದರೆಂದು ಕಾವಲುಗಾರ ಮೈಲಾರಲಿಂಗಪ್ಪ ಆಮೇಲೆ ಹೇಳಿದ.

ಪ್ರಿನ್ಸಿಪಾಲರು ಕೇಳಿದ ಬರಹ ಇದು. ಬರೆಯಬೇಕಾದವಳೇ ಬರೆದಿದ್ದೇನೆ, ಮೂರು ವರ್ಷ ತಡವಾಗಿ. ಶ್ರೀ ಕರಿಬಸವರಾಜರಿಗೆ ಭಗವಂತ ದೀರ್ಘಾಯುಷ್ಯವನ್ನೂ ಕೈಗೆ ಕೆಲಸವನ್ನೂ ಕರುಣಿಸಲಿ. ಸಾರ್, ಈ ಮಹಾನವಮಿಗೆ ಹೊಸ ಬ್ಯಾಟರಿಯೊಂದಿಗೆ ಬೆಳಿಗ್ಗೆಯೇ ಶೆಡ್ಡಿನ ಬಾಗಿಲಲ್ಲಿರುತ್ತೇನೆ. ಮಂಡಕ್ಕಿ ನಾನು ತರುತ್ತೇನೆ, ವಿಭೂತಿ ನೀವು ಹಚ್ಚಿರಿ.

— ಸುಮಾ, ಉಪನ್ಯಾಸಕಿ