ಚಿಲಕ ಹಾಕಬೇಡಿ ಅಂದವರು

ಮೇಸ್ತ್ರಿಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸುಟ್ಟು ಕಂದುಬಣ್ಣಕ್ಕೆ ತಿರುಗಿದ್ದವು. ಮೊದಲ ಸಲ ನೋಡಿದವರು ಬೀಡಿ ಸೇದುವವರ ಕೈ ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ಎಂದುಕೊಂಡು, ಮನೆಯೊಳಗೆ ಬೀಡಿ ಸೇದುವಂತಿಲ್ಲ ಎಂದು ಗೇಟಿನಲ್ಲೇ ಹೇಳಿದ್ದೆ. ಅವರು ಅಂಗಿ ಜೇಬಿನಿಂದ ಊದುಬತ್ತಿಯ ಪೊಟ್ಟಣ ತೆಗೆದು ತೋರಿಸಿದರು. "ಇದೊಂದೇ ಸಾರ್ ನಾನು ಅಚ್ಚೋದು" ಎಂದರು. ಹಚ್ಚಿದ ಬತ್ತಿಯನ್ನು ಅವರು ಬೆರಳಿನಿಂದಲೇ ಚಿವುಟಿ ಆರಿಸುತ್ತಿದ್ದರು. ವರ್ಷಗಟ್ಟಲೆ ಹಾಗೆ ಆರಿಸಿದ ಗುರುತು ಅದು.

ಎಸಿ ಮೇಸ್ತ್ರಿ ಎಂದರೆ ಕೆಜಿಎಫ್‌ನ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ನೆಲದಡಿಗೆ ಗಾಳಿ ಕಳಿಸುವ ಕೆಲಸದಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಎಸಿ, ಫ್ರಿಜ್ಜು, ಗೀಸರ್ ಕೆಲಸಕ್ಕೆ ಇಳಿದರು. ಮೈಸೂರು ಮೈನ್ಸಿನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ಮಗಳ ಜೊತೆ ಇದ್ದರು. ಉಸಿರೆಳೆದಾಗ ಅವರ ಎದೆಯಲ್ಲಿ ಸಣ್ಣ ಸೀಟಿಯಂಥ ಸದ್ದಾಗುತ್ತಿತ್ತು. ಕಲ್ಲಿನ ಪುಡಿ ಕುಡಿದ ಎದೆ. ಅವರು ಗೇಟು ತೆಗೆಯುವ ಮೊದಲೇ ಆ ಸೀಟಿ ನಮ್ಮ ವರಾಂಡಕ್ಕೆ ಬಂದಿರುತ್ತಿತ್ತು. ಕೇಳಿದವರಿಗೇ ಒಂದು ಕ್ಷಣ ಉಸಿರು ಸಿಕ್ಕಿಕೊಂಡಂತಾಗುತ್ತಿತ್ತು.

ನಾನು ಇಲ್ಲಿನ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೆಳೆದದ್ದು ತುಮಕೂರಿನ ಹಾಸ್ಟೆಲಿನಲ್ಲಿ. ಅಲ್ಲಿನ ಗಂಟೆ ಇಂದಿಗೂ ನನ್ನೊಳಗೆ ಬಾರಿಸುತ್ತದೆ. ಐದಕ್ಕೆ ಏಳುವುದು, ಐದೂವರೆಗೆ ತಣ್ಣೀರಿನ ಸ್ನಾನ, ಎಂಟು ಇಪ್ಪತ್ತಕ್ಕೆ ಎರಡನೇ ಕಾಫಿ. ಇದನ್ನು ಹೊಗಳಿಕೊಳ್ಳುವುದಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೂ ಈ ಗಡಿಯಾರಕ್ಕೂ ಸಂಬಂಧವಿದೆ.

ಅವರನ್ನು ಮೊದಲು ಕರೆಸಿದ್ದು ಮಲಗುವ ಕೋಣೆಗೆ ಎಸಿ ಹಾಕಿಸಲು. ಅವರಿಗಿಂತ ಮುಂಚೆ ಇಬ್ಬರು ಬಂದಿದ್ದರು. ಇಬ್ಬರೂ ಚಪ್ಪಲಿ ಬಿಡುತ್ತಲೇ ಎಷ್ಟು ಟನ್, ಯಾವ ಕಂಪನಿ ಎಂದು ಹೇಳಿಬಿಟ್ಟಿದ್ದರು. ಇವರು ಹಾಗಲ್ಲ. ಕೋಣೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಊದುಬತ್ತಿ ಹಚ್ಚಿ, ಹೊಗೆಯನ್ನೇ ನೋಡತೊಡಗಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಸರಸರನೆ ದೇವರ ಮನೆಗೆ ಹೋಗಿ ತಟ್ಟೆಯಲ್ಲಿ ಹೂವು, ಕುಂಕುಮ ತಂದಳು. "ಪೂಜೆ ಇದೆ ಅಂತ ಮೊದ್ಲೇ ಹೇಳೋದಲ್ವಾ, ತೆಂಗಿನಕಾಯಿ ತರಿಸ್ತಿದ್ದೆ" ಎಂದಳು.

"ಪೂಜೆ ಅಲ್ಲಮ್ಮಾ. ಗಾಳೀನ ಇಚಾರಿಸ್ತಾ ಇವ್ನಿ."

"ಏನಂತೆ ಗಾಳಿ?"

"ನಾನು ಚೆನ್ನಾಗೇ ಇವ್ನಿ, ನಿಮ್ಮ ಮೇಲ್ಗಡೆ ಚಾವಣೀನೇ ಬಿಸ್ಲಿಗೆ ಕಾಯ್ತಾ ಅದೆ ಅಂತದೆ."

ಅವರು ಎಸಿ ಬೇಡವೆಂದರು. ತಾರಸಿಗೆ ಸುಣ್ಣ ಬಳಿಸಿ, ಪಡುವಣದ ಕಿಟಕಿಗೆ ಬಿದಿರಿನ ತಟ್ಟಿ ಕಟ್ಟಿಸಿ, ಆಗಲೂ ಸೆಕೆಯಾದರೆ ಕರೆಯಿರಿ ಎಂದು ಮಜ್ಜಿಗೆ ಕುಡಿದು ಹೋದರು. ಬಂದ ಕೆಲಸವನ್ನು ಬೇಡವೆಂದು ಹೋದ ಕೆಲಸಗಾರನನ್ನು ನಾನು ನೋಡಿದ್ದು ಅದೇ ಮೊದಲು. ಆ ಬೇಸಿಗೆ ಫ್ಯಾನಿನಲ್ಲೇ ಕಳೆಯಿತು. ಅಂದಿನಿಂದ ಫ್ರಿಜ್ಜು ಕೆಟ್ಟರೂ ಮೋಟಾರು ಕೆಟ್ಟರೂ ಅವರೇ. ನಂಬಿಕೆ ಹಾಗೆ ಬಂದಿತ್ತು. ಅಷ್ಟು ನಂಬಿದವನು ಮುಂದೆ ಹಾಗೇಕೆ ಮಾಡಿದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ನಮ್ಮ ಮನೆ ಇರುವುದು ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗುವ ಕಡೆ. ಹಿತ್ತಲಲ್ಲಿ ನಿಂತರೆ ಸೈನೈಡ್ ದಿಬ್ಬ ಕಾಣುತ್ತದೆ. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಚಿನ್ನ ತೆಗೆದುಕೊಂಡು, ಉಳಿದ ಪುಡಿಯನ್ನು ರಾಶಿ ಹಾಕಿದ ಬಿಳಿ ಗುಡ್ಡ. ಆಷಾಢದ ಗಾಳಿ ಎದ್ದಿತೆಂದರೆ ಗುಡ್ಡವೇ ಎದ್ದು ಬರುತ್ತದೆ. ಲೋಟದಲ್ಲಿ, ದಿಂಬಿನ ಮೇಲೆ, ಒಣಹಾಕಿದ ಬಟ್ಟೆಯಲ್ಲಿ ಬಿಳಿ ಪುಡಿ. ಅದಕ್ಕೇ ಇಲ್ಲಿ ಮನೆಮನೆಯಲ್ಲೂ ಗವಾಕ್ಷಿಗಳಿಗೆ ರಟ್ಟು, ಬಟ್ಟೆ, ಪೇಪರು ತುರುಕಿರುತ್ತಾರೆ. ನಾನು ಅಚ್ಚುಕಟ್ಟಿನ ಮನುಷ್ಯ. ಬಚ್ಚಲಮನೆಯ ಗವಾಕ್ಷಿಗೆ ಪ್ಲೈವುಡ್ ಅಳತೆಗೆ ಕತ್ತರಿಸಿ, ನಾಲ್ಕು ಮೂಲೆಗೂ ಸ್ಕ್ರೂ ಹಾಕಿ, ಅಂಚಿಗೆಲ್ಲ ಕಲ್ಲಿನಂತೆ ಗಟ್ಟಿಯಾಗುವ ಎಂಸೀಲ್ ಮೆತ್ತಿ, ಗೋಡೆಯದೇ ಬಣ್ಣ ಹೊಡೆದಿದ್ದೆ. ಅಲ್ಲೊಂದು ಕಿಂಡಿ ಇತ್ತೆಂದು ಹೊಸಬರಿಗೆ ತಿಳಿಯುವಂತಿರಲಿಲ್ಲ.

ಒಂದು ಚಳಿಗಾಲ ಹೆಂಡತಿಗೆ ಮಂಡಿನೋವು ಜೋರಾಯಿತು. ಬೆಳಿಗ್ಗೆ ಕರೆಂಟು ಹೋಗುವುದರಿಂದ ಗ್ಯಾಸ್ ಗೀಸರ್ ಹಾಕಿಸುವುದೆಂದು ತೀರ್ಮಾನಿಸಿ ಮೇಸ್ತ್ರಿಯನ್ನು ಕರೆಸಿದೆ. ಅವರು ಬಚ್ಚಲಮನೆಯಲ್ಲಿ ಕೂತು ಬಾಗಿಲು ಮುಂದಕ್ಕೆಳೆದುಕೊಂಡು ಬತ್ತಿ ಹಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಬಾಗಿಲು ಸರಿಸಿ ನನ್ನನ್ನು ಒಳಗೆ ಕರೆದರು. ಹೊಗೆ ನೂಲು ಕಟ್ಟಿ ನಿಲ್ಲಿಸಿದಂತೆ ನೆಟ್ಟಗೆ ಮೇಲೆದ್ದು, ಚಾವಣಿಗೆ ತಾಗಿ ಅಲ್ಲೇ ಚಪ್ಪಟೆಯಾಗಿ ಮಲಗಿತ್ತು. ಅಲುಗಾಟವೇ ಇಲ್ಲ.

"ಈ ರೂಮು ಸತ್ತೋಗ್ಬುಟ್ಟದೆ ಸಾರ್" ಎಂದರು.

ಎದ್ದು ಗೋಡೆ ಸವರುತ್ತ ಬಂದು ನನ್ನ ಪ್ಲೈವುಡ್ಡಿನ ಮೇಲೆ ಕೈ ನಿಲ್ಲಿಸಿದರು. ಬೆರಳಿನಿಂದ ಎರಡು ಸಲ ತಟ್ಟಿದರು. "ಎಷ್ಟು ಚೆನ್ನಾಗಿ ಮುಚ್ಚಿದೀರಾ. ಒಂದು ಇರುವೆ ಕೂಡ ಓಗಲ್ಲ."

ಹೊಗಳಿದರೋ ಇಲ್ಲವೋ ತಿಳಿಯಲಿಲ್ಲ. ಗೀಸರನ್ನು ಹೊರಗೋಡೆಗೆ ಹಾಕಿ ಪೈಪು ಮಾತ್ರ ಒಳಗೆ ತರೋಣ, ಇದನ್ನೂ ತೆಗೆಯಿರಿ ಎಂದರು. ಹೊರಗೆ ಹಾಕಿದರೆ ವಾರದಲ್ಲಿ ಕಳ್ಳರ ಪಾಲಾಗುತ್ತದೆ, ಇದನ್ನು ತೆಗೆದರೆ ಧೂಳು ಬರುತ್ತದೆ ಎಂದೆ.

"ಧೂಳು ಬಂದ್ರೆ ಕೆಮ್ತೀರಾ ಸಾರ್. ಕೆಮ್ಮೋರು ಬದ್ಕಿರ್ತಾರೆ."

"ನೀವು ಒಳಗೇ ಹಾಕಿ."

"ಒಳಗೆ ನಾನು ಆಕಲ್ಲ."

ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ಇನ್ನೊಬ್ಬರ ಕೆಲಸಕ್ಕೆ ಸರಿ ತಪ್ಪು ಹಾಕಿದವನಿಗೆ ಅದು ಚುಚ್ಚಿತು. "ಹಾಕೋದು ನಿಮ್ಮ ಕೆಲಸ. ಎಲ್ಲಿ ಅನ್ನೋದು ನನ್ನ ಕೆಲಸ" ಎಂದುಬಿಟ್ಟೆ. ಅವರು ಬತ್ತಿಯನ್ನು ಚಿವುಟಿ ಜೇಬಿಗಿಟ್ಟುಕೊಂಡರು. ಹೋಗುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು.

"ಅಮ್ಮಾ, ಯಾರು ಆಕುದ್ರೂ ಸರಿ, ಸ್ನಾನ ಮಾಡ್ವಾಗ ಚಿಲ್ಕ ಆಕ್ಬೇಡಿ. ಬಾಗ್ಲು ಸುಮ್ಕೆ ಮುಂದಕ್ಕೆ ಎಳ್ಕೊಳಿ. ಇದೊಂದು ನನ್ ಮಾತು ನಡಿಸ್ಕೊಡಿ."

ಮರುದಿನ ಬಂಗಾರಪೇಟೆಯ ಕಂಟ್ರಾಕ್ಟರೊಬ್ಬನಿಗೆ ಫೋನು ಮಾಡಿದೆ. ಹತ್ತಕ್ಕೆ ಬರುತ್ತೇನೆಂದವನು ಹತ್ತಕ್ಕೇ ಬಂದ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಅಂಗಡಿಯ ಹೆಸರು, ಕೈಯಲ್ಲಿ ಅಚ್ಚು ಹಾಕಿಸಿದ ಫಾರಂ. ನನ್ನ ಮನಸ್ಸಿಗೆ ಬಹಳ ಹಿಡಿಸಿದ. ಗೀಸರನ್ನು ಬಚ್ಚಲಮನೆ ಗೋಡೆಗೆ ಹಾಕಿ, ಬಿಸಿನೀರು ಬರಿಸಿ ತೋರಿಸಿ, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ. ಗವಾಕ್ಷಿ ಎಲ್ಲಿ ಎಂದು ಕೇಳಲಿಲ್ಲ. ಫಾರಂನಲ್ಲಿ 'ಸ್ಥಳ ಸರಿಯಾಗಿದೆ' ಎಂಬ ಸಾಲಿನ ಮುಂದೆ ಗುರುತು ಹಾಕಿ ನನ್ನ ಕಡೆ ಹಿಡಿದ. ನಾನು ಸಹಿ ಮಾಡಿದೆ.

ಆಮೇಲಿನ ದಿನಗಳಲ್ಲಿ ಹೆಂಡತಿಗೆ ತಲೆನೋವು ಶುರುವಾಯಿತು. ಸ್ನಾನ ಮುಗಿಸಿ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕನ್ನಡಕದ ನಂಬರು ಬದಲಾಗಿರಬೇಕು ಎಂದೆ. ನಾನೋ ತಣ್ಣೀರಿನವನು, ಆ ಗೀಸರನ್ನು ಒಮ್ಮೆಯೂ ಹಚ್ಚಿದವನಲ್ಲ. ನನಗೆ ಆಗುತ್ತಿದ್ದ ಕಿರಿಕಿರಿ ಒಂದೇ, ಅವಳು ಚಿಲಕ ಹಾಕುತ್ತಿರಲಿಲ್ಲ. "ಇದೇನು ಕ್ರಮ? ಯಾರಾದ್ರೂ ಬಂದ್ರೆ?" ಎಂದು ದಿನವೂ ರೇಗುತ್ತಿದ್ದೆ. "ಮೇಸ್ತ್ರಿ ಹೇಳಿದಾರೆ" ಎನ್ನುತ್ತಿದ್ದಳು. "ನಾನು ಹೇಳ್ತಿರೋದು ಲೆಕ್ಕಕ್ಕಿಲ್ವಾ?" ಎಂದರೆ, "ನೀವು ದಿನಾ ಹೇಳ್ತೀರಿ. ಅವರು ಹೇಳಿದ್ದು ಒಂದೇ ಸಲ" ಎನ್ನುತ್ತಿದ್ದಳು.

ಒಂದು ಶುಕ್ರವಾರ ಅವಳು ತಲೆಗೆ ಸ್ನಾನ ಮಾಡಲು ಹೋದಳು. ನಾನು ವರಾಂಡದಲ್ಲಿ ಪೇಪರು ಓದುತ್ತಿದ್ದೆ. ಎಂಟು ಇಪ್ಪತ್ತಾಯಿತು. ಕಾಫಿ ಬರಲಿಲ್ಲ. ಇಪ್ಪತ್ತೆರಡು. ನಲ್ಲಿಯ ನೀರು ಒಂದೇ ಸಮನೆ ಬೀಳುವ ಸದ್ದು. ಮೈಮೇಲೆ ಸುರಿದುಕೊಳ್ಳುವಾಗ ಆ ಸದ್ದು ತಡೆದು ತಡೆದು ಬರುತ್ತದೆ. ಇದು ತಡೆಯುತ್ತಿರಲಿಲ್ಲ. ಕಾಫಿಯ ಕೋಪದಲ್ಲೇ ಎದ್ದು ಹೋಗಿ ಬಾಗಿಲು ಬಡಿದೆ. "ಎಷ್ಟೊತ್ತೇ?" ಎಂದೆ. ಗೀಸರಿನ ಬೆಂಕಿ ಗುಂಯ್ ಎನ್ನುತ್ತಿತ್ತು.

ಬಾಗಿಲು ತಳ್ಳಿದೆ. ತೆರೆಯಿತು.

ಅವಳು ಗೋಡೆಗೊರಗಿ ಕೂತಿದ್ದಳು. ಚೊಂಬು ಇನ್ನೂ ಕೈಯಲ್ಲೇ ಇತ್ತು. ಬಕೆಟ್ಟು ತುಂಬಿ ಹರಿಯುತ್ತಿತ್ತು. ಕೆನ್ನೆ ಮಾತ್ರ ಎಂದೂ ಇಲ್ಲದಷ್ಟು ಕೆಂಪಗಿತ್ತು, ಜ್ವರ ಬಂದ ಮಗುವಿನ ಹಾಗೆ. ಎಳೆದುಕೊಂಡು ಹಿತ್ತಲಿಗೆ ಬಂದೆ. ಸೀರೆ ಹೊದಿಸಿ ಕೂಗಿಕೊಂಡೆ. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೋದೆವು.

ಗ್ಯಾಸ್ ಗೀಸರ್ ಎಂದು ನಾನು ಹೇಳಿದ ಕೂಡಲೇ ಡಾಕ್ಟರು ತಲೆಯಾಡಿಸಿ, ಗಾಳಿಯಾಡದ ಕೋಣೆಯಲ್ಲಿ ಅದು ಉರಿದರೆ ವಿಷಗಾಳಿ ತುಂಬಿಕೊಳ್ಳುತ್ತದೆ ಎಂದರು. "ಬಾಗಿಲು ಒಡೆಯೋಕೆ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದರು.

"ಒಡೆಯಲಿಲ್ಲ. ಚಿಲಕ ಹಾಕಿರಲಿಲ್ಲ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಯಾರು ಹೇಳಿಕೊಟ್ಟಿದ್ದು?"

"ನಾನಲ್ಲ" ಎಂದೆ.

ಎರಡು ದಿನ ಅವಳು ಮಾತು ತೊದಲಿದಳು. ಮೂರನೆಯ ದಿನ ಎದ್ದು ಕೂತು ನನ್ನ ಕಾಫಿ ಯಾರು ಮಾಡುತ್ತಿದ್ದಾರೆಂದು ಕೇಳಿದಳು. ಅವತ್ತೇ ನಾನು ಲೈನ್ ಮನೆಗಳ ಕಡೆ ನಡೆದೆ. ಮೇಸ್ತ್ರಿ ಹೊಸ್ತಿಲ ಮೇಲೆ ಕೂತಿದ್ದರು. ಸುದ್ದಿ ಮುಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಅಮ್ಮ ಎದ್ದು ಕೂತ್ರಾ?" ಎಂದರು.

"ಕೂತಳು."

"ಆ ಅಲ್ಗೆ ತೆಗುದ್ರಾ?"

ಗವಾಕ್ಷಿಯ ಹಲಗೆಯನ್ನು ನಾನು ತೆಗೆದಿರಲಿಲ್ಲ. ಸಿಲಿಂಡರು ಬಂದ್ ಮಾಡಿದ್ದೆ, ಅಷ್ಟೇ. ಅವರು ಗೋಡೆ ಹಿಡಿದು ಎದ್ದರು. ದಾರಿಯುದ್ದಕ್ಕೂ ನಾಲ್ಕು ಕಡೆ ನಿಂತು ಉಸಿರು ಎಳೆದುಕೊಂಡರು. ನಮ್ಮ ಬಚ್ಚಲಮನೆಯಲ್ಲಿ ಸ್ಟೂಲಿನ ಮೇಲೆ ನಾನು ಹತ್ತಿದೆ, ಅವರು ಹಿಡಿದುಕೊಂಡರು. ಸ್ಕ್ರೂ ಬಿಚ್ಚಿದರೂ ಪ್ಲೈವುಡ್ ಬರಲಿಲ್ಲ, ಎಂಸೀಲನ್ನು ಉಳಿಯಿಂದ ಒಡೆಯಬೇಕಾಯಿತು. ಅಷ್ಟು ಚೆನ್ನಾಗಿ ಮುಚ್ಚಿದ್ದೆ. ಹಲಗೆ ಬಿದ್ದ ಮೇಲೆ ಅವರು ಬತ್ತಿ ಹಚ್ಚಿದರು. ಹೊಗೆ ಒಮ್ಮೆ ನಡುಗಿತು. ಆಮೇಲೆ ಕತ್ತು ತಿರುಗಿಸಿ ಕಿಂಡಿಯ ಕಡೆ ಹೊರಟಿತು.

"ಓಯ್ತು ನೋಡಿ" ಎಂದರು.

ನಾನು ಫಾರಂಗೆ ಸಹಿ ಮಾಡಿದ್ದನ್ನು ಹೇಳಿದೆ. ಅಳು ಬಂತು. ಅವರು ಬಚ್ಚಲಿನ ಕಟ್ಟೆಯ ಮೇಲೆ ಕೂತು ಬತ್ತಿಯ ಕೆಂಡವನ್ನು ನೋಡುತ್ತಿದ್ದರು.

"ಗಣಿ ಕೆಳ್ಗಡೆ ಗಾಳಿ ಬಾಗ್ಲು ಅಂತ ಇರ್ತದೆ ಸಾರ್, ಮರದ್ದು. ಮುಚ್ಚುದ್ರೆ ಆಚೆಗೆ ಗಾಳಿ ಓಗಲ್ಲ. ಒಂದು ದಿನ ನಾನು ಶಿಫ್ಟು ಬೇಗ ಮುಗಿಸ್ಬೇಕು ಅಂತ ಒಂದು ಬಾಗ್ಲು ಮುಚ್ಬಿಟ್ಟೆ. ಆಚೆ ಯಾರೂ ಇಲ್ಲ ಅಂತ ಬುಕ್ಕಲ್ಲಿ ಬರ್ದೆ. ಓಗಿ ನೋಡಿರ್ಲಿಲ್ಲ. ಇಬ್ರು ಊಟಕ್ಕೆ ಕೂತಿದ್ರು." ಅವರ ಎದೆಯ ಸೀಟಿ ಎರಡು ಸಲ ಕೇಳಿಸಿತು. "ನಾನೂ ಸಯಿ ಆಕಿದ್ದೆ ಸಾರ್."

ಆ ಇಬ್ಬರಿಗೆ ಏನಾಯಿತೆಂದು ನಾನು ಕೇಳಲಿಲ್ಲ. ಮೇಸ್ತ್ರಿಯೂ ಮತ್ತೆಂದೂ ಆ ಮಾತೆತ್ತಲಿಲ್ಲ. ಕೋಣೆ ಕೋಣೆಯಲ್ಲೂ ಕೂತು ಅವರು ಹೊಗೆಯಲ್ಲಿ ಏನನ್ನು ಹುಡುಕುತ್ತಿದ್ದರೆಂದು ಮಾತ್ರ ಅವತ್ತು ಗೊತ್ತಾಯಿತು.

ಗೀಸರನ್ನು ಅವರೇ ಹೊರಗೋಡೆಗೆ ಹಾಕಿ, ಕಬ್ಬಿಣದ ಜಾಲರಿ ಕೂರಿಸಿದರು. ಯಾರೂ ಕದಿಯಲಿಲ್ಲ. ಬಚ್ಚಲಮನೆಯ ಚಿಲಕವನ್ನು ನಾನು ಬಿಚ್ಚಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಯಾರನ್ನು ಕರೆಸಬೇಕೆಂದು ಪರಿಚಿತರು ಕೇಳಿದರೆ ನಾನು ಕೊಡುವ ಉತ್ತರ ಚಿಕ್ಕದು. ನಿಮ್ಮ ಮನೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕೇಳದೆ ಕೆಲಸ ಶುರು ಮಾಡುವವನನ್ನು ವಾಪಸು ಕಳಿಸಿ. ನಿಮ್ಮ ಮಾತಿಗೆ ಆಗಲ್ಲ ಎನ್ನುವವನನ್ನು ಕಳೆದುಕೊಳ್ಳಬೇಡಿ.

ಮೇಸ್ತ್ರಿ ತೀರಿಹೋಗಿದ್ದು ಆಷಾಢದಲ್ಲಿ, ದಿಬ್ಬದ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ. ಕೊನೆಯ ತಿಂಗಳುಗಳಲ್ಲಿ ಸೀಟಿ ನಿಂತು, ಬರೀ ಎದೆ ಏರಿಳಿಯುತ್ತಿತ್ತು. ಧೂಳು ಎಷ್ಟೇ ಬಂದರೂ ತಲೆಗಡೆಯ ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲವೆಂದು ಮಗಳು ಹೇಳಿದಳು. "ಮುಚ್ಚಿದ್ರೆ ಬೈತಿತ್ತು ಸಾರ್ ಅಪ್ಪ. ಮಾತು ಬರ್ದಿದ್ರೂ ಕಣ್ಣಲ್ಲೇ ಬೈತಿತ್ತು."

ನಾವು ಹೋದಾಗ ಆ ಒಂದೇ ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಹೆಣದ ಮೇಲೆ ಧೂಳು ಬೀಳಬಾರದೆಂದು ನೆಂಟರು ಕಿಟಕಿ ಮುಚ್ಚಿ ಚಿಲಕ ಹಾಕಿದ್ದರು. ತಲೆಯ ಹತ್ತಿರ ಒಂದು ಕಟ್ಟು ಊದುಬತ್ತಿ ಉರಿಯುತ್ತಿತ್ತು. ನನ್ನ ಕಣ್ಣು ಅವರ ಮುಖಕ್ಕಿಂತ ಮೊದಲು ಹೊಗೆಯ ಮೇಲೆ ಬಿತ್ತು. ನೂಲು ಕಟ್ಟಿ ನಿಲ್ಲಿಸಿದಂತೆ ನೆಟ್ಟಗಿತ್ತು. ಚಾವಣಿಗೆ ತಾಗಿ ಚಪ್ಪಟೆಯಾಗಿ ಮಲಗಿತ್ತು.

ನನ್ನ ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. ನನ್ನನ್ನು ಕೇಳಲಿಲ್ಲ. ಮಂಡಿ ಹಿಡಿದುಕೊಂಡು, ಕೂತವರ ನಡುವೆ ದಾರಿ ಮಾಡಿಕೊಂಡು ಕಿಟಕಿಯ ಹತ್ತಿರ ಹೋದಳು. "ಧೂಳು ಬತ್ತದೆ ತಾಯಿ" ಎಂದು ಯಾರೋ ಅಂದರು. "ಬರ್ಲಿ ಬಿಡಿ" ಎಂದು ಅವಳು ಚಿಲಕ ಎಳೆದಳು.

ಬಿಳಿ ಪುಡಿ ಒಳಗೆ ನುಗ್ಗಿ ಎಲ್ಲರ ತಲೆಯ ಮೇಲೂ, ಮೇಸ್ತ್ರಿಯ ಹಣೆಯ ಮೇಲೂ ಬಿತ್ತು. ನಾವೆಲ್ಲ ಕೆಮ್ಮಿದೆವು. ಹೊಗೆ ಒಮ್ಮೆ ನಡುಗಿ, ಕತ್ತು ತಿರುಗಿಸಿ, ಬಾಗಿಲಿನ ಕಡೆ ಹೊರಟಿತು.