ಭಾವನ ಕೊನೆಯ ಮುಳುಗು

ನಮ್ಮ ಅಕ್ಕನ ಗಂಡ ಬಂದರಿನ ಕಚೇರಿಯಲ್ಲಿ ಗುಮಾಸ್ತ. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಸಮುದ್ರದೊಳಗೆ ಇಳಿಯುವುದು ಅವರ ಹುಚ್ಚು. ಹದಿನೆಂಟು ವರ್ಷದಿಂದ ಬೇಕಾಗಿದ್ದುದು ಒಂದೇ ಚಿತ್ರ: ಬಂಡೆಯ ಬಿರುಕಿನಲ್ಲಿ ಮೊಟ್ಟೆ ಕಾಯುವ ಆಕ್ಟೋಪಸ್. ಇನ್ನು ಮುಳುಗಿದರೆ ಕಿವಿಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ, ಇದೇ ಕೊನೆ ಎಂದು ಅಕ್ಕನಿಗೆ ಮಾತು ಕೊಟ್ಟು ಹೊರಟರು. ಒಬ್ಬರೇ ಇಳಿಯಬಾರದಂತೆ, ಹಾಗಾಗಿ ಜೊತೆಗೆ ನಾನು.

"ನೀನೇನೂ ಮಾಡೋದು ಬೇಡ. ಕಾಲಾಡಿಸ್ದೆ ಸುಮ್ನಿದ್ರೆ ಅದೇ ದೊಡ್ಡ ಉಪಕಾರ," ಎಂದರು.

"ಸುಮ್ನಿರೋದನ್ನ ನಂಗೆ ಹೇಳ್ಕೊಡ್ಬೇಕಾ ಭಾವ? ಆಫೀಸಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ ನಂದು."

ನೀರಿನ ತಳದಲ್ಲಿ ಭಾವ ನೆಲಕ್ಕೆ ತಾಗದಂತೆ ಬಂಡೆಯೆದುರು ತೇಲುತ್ತ ನಿಂತರು. ದೀಪವನ್ನು ಪಕ್ಕಕ್ಕೆ ಚಾಚಿ, ಬಿರುಕಿನಲ್ಲಿ ಮುದುಡಿ ಕೂತಿದ್ದ ಆಕ್ಟೋಪಸ್ ಗುಳ್ಳೆಗಳಿಗೆ ಬೆದರದಿರಲೆಂದು ಉಸಿರನ್ನು ಸಣ್ಣಗೆ ಬಿಡುತ್ತ ಮುಕ್ಕಾಲು ಗಂಟೆ ಕಾದರು. ಕೊನೆಗೂ ಆ ತಾಯಿ ಒಂದು ತೋಳು ಸರಿಸಿದಳು. ಸಾಲುಸಾಲಾಗಿ ತೂಗುವ ಮೊಟ್ಟೆಗಳು ಕಂಡವು. ನನಗೂ ನೋಡುವ ಆಸೆಯಾಗಿ, ಮುಂದೆ ಸರಿಯಲು ಒಂದೇ ಒಂದು ಸಲ ಕಾಲು ಬಡಿದೆ. ತಳದ ಕೆಸರೆಲ್ಲ ಹೊಗೆಯಂತೆ ಎದ್ದು ನಮ್ಮನ್ನು ಮುಚ್ಚಿತು. ಅದರೊಳಗೇ ಭಾವ ಕ್ಲಿಕ್ಕಿಸುತ್ತಲೇ ಇದ್ದರು. ಅದು ತಿಳಿಯಾಗುವಷ್ಟರಲ್ಲಿ ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿತ್ತು.

ದೋಣಿ ಹತ್ತಿದ ಮೇಲೆ ಕ್ಯಾಮೆರಾದ ಪರದೆ ನೋಡಿದೆವು. ಪ್ರತಿ ಚಿತ್ರದಲ್ಲೂ ದೀಪಕ್ಕೆ ಹೊಳೆದ ಕೆಸರಿನ ಕಣಗಳು, ಬರೀ ಬಿಳಿ ಚುಕ್ಕೆಗಳು.

"ಬೈದುಬಿಡಿ ಭಾವ," ಎಂದೆ.

"ಮನೇಲಿ ಕೇಳಿದ್ರೆ ಆಕ್ಟೋಪಸ್ ಇರ್ಲೇ ಇಲ್ಲ ಅನ್ನು. ಇಲ್ದಿದ್ರೆ ನಿಮ್ಮಕ್ಕ ನಿನ್ನ ಜನ್ಮ ಜಾಲಾಡ್ತಾಳೆ."

ಆಮೇಲೆ ಚೂರೂ ಅವಸರವಿಲ್ಲದೆ, ಒಂದೊಂದೇ ಚಿತ್ರವನ್ನು ಅಳಿಸುತ್ತ ಕೂತರು.