ಮೊಟ್ಟೆಮನೆಯಿಂದ ಬಂದ ಮಾತು

ನಮ್ಮಕ್ಕ ಅಕ್ಕಯಮ್ಮ ಒಂದು ಕಡೆ ಕೂತವಳಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಕೂರುತ್ತಿದ್ದಳು, ಯಾರಾದರೂ ಕರೆದರೆ ಏಳಲು ಸುಲಭವಾಗಲಿ ಅನ್ನುವಂತೆ. ನಲ್ಲೂರಿಗೆ ಸೊಸೆಯಾಗಿ ಹೋದ ಮೇಲಂತೂ ರೇಷ್ಮೆ ಹುಳು ಅವಳನ್ನು ಕೂರಲು ಬಿಡಲಿಲ್ಲ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹೊಟ್ಟೆಗೆ ತಳವೇ ಇರುವುದಿಲ್ಲ. ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಕ್ಕ ಹಿಪ್ಪುನೇರಳೆ ತೋಟಕ್ಕೂ ಹುಳು ಸಾಕುವ ತಟ್ಟೆಗಳಿಗೂ ಓಡಾಡಿಕೊಂಡು, ಮಧ್ಯೆ ಮೂರು ಹೆಣ್ಣು ಹೆತ್ತಳು.

ಅವಳ ಕತೆ ಹೇಳಲು ಹೊರಟರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆದ್ದರಿಂದ ನೆಟ್ಟಗೆ ಹೇಳಿಬಿಡುತ್ತೇನೆ. ಮೂರೂ ಹೆಣ್ಣಾದದ್ದು ಅವಳ ತಪ್ಪು ಅಂತ ಅತ್ತೆ ಲಕ್ಕಮ್ಮ ತೀರ್ಮಾನ ಮಾಡಿದ್ದಳು. ಮಗನಿಗೆ ಎರಡನೇ ಮದುವೆ ಮಾಡಬೇಕು ಅನ್ನುವುದು ಅವಳ ಹಟ. ಭಾವ ಪಿಳ್ಳಪ್ಪ ಮಾತ್ರ ಆ ಮಾತು ಎದ್ದಾಗಲೆಲ್ಲ "ಸುಮ್ನಿರಮ್ಮ" ಅಂತ ಟವೆಲು ಹೆಗಲಿಗೆ ಹಾಕಿಕೊಂಡು ಆಚೆ ನಡೆಯುತ್ತಿದ್ದ. ಅಕ್ಕನ ಪಾಲಿಗೆ ಇದ್ದ ಆಸರೆ ಅಷ್ಟೇ. ಆದರೂ ಆರು ವರ್ಷ ಅದು ಸಾಕಾಗಿತ್ತು.

ನಲವತ್ನಾಲ್ಕನೇ ಇಸವಿ. ಯುದ್ಧಕ್ಕೆ ಪ್ಯಾರಾಚೂಟು ಮಾಡಲು ರೇಷ್ಮೆ ಬೇಕಂತೆ ಅನ್ನುವ ಸುದ್ದಿ ಹಬ್ಬಿ, ಹುಳುವಿನ ಮುಖ ನೋಡದವರೂ ತಟ್ಟೆ ಕಟ್ಟಿದ್ದರು. ಊರಿಗೆ ಒಂದು ಮೈಲಿ ದೂರದಲ್ಲಿ ಸರ್ಕಾರದ ಮೊಟ್ಟೆಮನೆ. ಗೂಡು ಒಡೆದು ಬಂದ ಚಿಟ್ಟೆಗಳಲ್ಲಿ ಗಂಡು ಹೆಣ್ಣು ಬೇರೆ ಮಾಡಿ, ಮೈಸೂರು ತಳಿಯ ಹೆಣ್ಣಿಗೆ ಜಪಾನು ತಳಿಯ ಗಂಡನ್ನು ಕೂಡಿಸಿ, ಮೊಟ್ಟೆ ಇಡಿಸಿ ರೈತರಿಗೆ ಕೊಡುವ ಜಾಗ ಅದು. ಭಾವನಿಗೆ ಅಲ್ಲಿ ಗಂಡು ಹೆಣ್ಣು ಆರಿಸುವ ಕೆಲಸ. ಅವನ ಕಣ್ಣಿಗೆ ಮೋಸವಿಲ್ಲ ಅಂತ ಹೆಸರಿತ್ತು, ಆ ಹೆಸರು ಅವನ ತಲೆಗೂ ಸ್ವಲ್ಪ ಏರಿತ್ತು.

ಅಕ್ಕನ ಹೊಟ್ಟೆಯಲ್ಲಿದ್ದ ನಾಲ್ಕನೆಯದಕ್ಕೆ ಏಳು ತಿಂಗಳಾಗಿತ್ತು. ನಮಗೆ ಅಮ್ಮ ಇಲ್ಲದ್ದರಿಂದ ಅಪ್ಪ ಮುನಿರಾಮಯ್ಯ ನನ್ನನ್ನು ನಮ್ಮೂರು ಆವತಿಯಿಂದ ಕರೆತಂದು ಅವಳ ಸಹಾಯಕ್ಕೆ ಬಿಟ್ಟುಹೋದ. ನನಗಾಗ ಹದಿನಾರು.

ಒಂದು ಸಂಜೆ ಭಾವ ಮೊಟ್ಟೆಮನೆಯಿಂದ ಬಂದವನು ಕಾಲು ತೊಳೆಯುವುದಕ್ಕೂ ಮುಂಚೆ ಅಮ್ಮನನ್ನು ಕರೆದ.

"ಅಮ್ಮ, ಗಂಡೋ ಹೆಣ್ಣೋ ಅನ್ನೋದೆಲ್ಲ ತಾಯಿಂದಾನೇ ಅಂತೆ. ತಂದೇದು ಏನೂ ಇಲ್ವಂತೆ. ತಾಜುದ್ದೀನ್ ಸಾಹೇಬ್ರು ಇವತ್ತು ಎಲ್ಲಾರ್ನೂ ಕೂರಿಸ್ಕೊಂಡು ಹೇಳಿದ್ರು."

"ಇಷ್ಟು ದಿನ ನಾನು ಹೇಳಿದ್ದೇನು ಮತ್ತೆ?" ಅಂದಳು ಲಕ್ಕಮ್ಮ. "ನನಗ್ಯಾವ ಸಾಹೇಬ್ರು ಹೇಳ್ಬೇಕಾಗಿತ್ತು?"

ಅಕ್ಕ ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ನಿಂತಿತು. ಭಾವ ಅವಳ ಕಡೆ ತಿರುಗಲಿಲ್ಲ. ಆರು ವರ್ಷ ನಿಂತಿದ್ದ ಆಸರೆ ಆ ಸಂಜೆ ಬಿತ್ತು.

ಮೊಟ್ಟೆಮನೆಯ ಅಧಿಕಾರಿ ಆ ಸಾಹೇಬರು. ಅವರು ಹೇಳಿದ್ದು ಚಿಟ್ಟೆಯ ವಿಷಯ. ಆದರೆ ನಮ್ಮ ಕಡೆಯವರಿಗೆ ಹುಳುವೂ ಮನುಷ್ಯರೂ ಬೇರೆಯಲ್ಲ. ಹುಳು ಮೇಯುವಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಘಾಟು ಅದಕ್ಕಾಗದು. ಅದಕ್ಕೇ ಬಸುರಿಯ ಮೂಗಿಗೂ ಒಗ್ಗರಣೆ ತಾಗಬಾರದು. ಹುಳುವಿಗೆ ತೇವದ ಸೊಪ್ಪು ಆಗದು, ಆದ್ದರಿಂದ ಮಕ್ಕಳಿಗೆ ಮಜ್ಜಿಗೆ ಬಂದ್. ಮಗುವಿಗೆ ಮೈ ಬಿಸಿಯಾದರೆ "ಎರಡನೇ ಜ್ವರ, ಎದ್ದಮೇಲೆ ಚೆನ್ನಾಗಿ ತಿನ್ನುತ್ತೆ" ಅನ್ನುವವರು ನಾವು. ಹೀಗಿರುವಾಗ ಚಿಟ್ಟೆಯ ನ್ಯಾಯ ಅಕ್ಕನಿಗೆ ಹತ್ತಲು ಎಷ್ಟು ಹೊತ್ತು ಬೇಕು?

ಮಾರನೇ ವಾರ ಲಕ್ಕಮ್ಮ ಗಾಡಿ ಕಟ್ಟಿಸಿಕೊಂಡು ಆವತಿಗೆ ಹೋಗಿಬಂದಳು. ಇದೂ ಹೆಣ್ಣಾದರೆ ಹೊರಗಿನವಳು ಯಾಕೆ, ಮನೆಯಲ್ಲೇ ಇದ್ದಾಳಲ್ಲ ತಂಗಿ ರುಕ್ಮಿಣಿ, ಅವಳನ್ನೇ ಪಿಳ್ಳಪ್ಪನಿಗೆ ತಂದುಕೊಳ್ಳುತ್ತೇವೆ ಅಂದಳಂತೆ. ಅಪ್ಪ ಒಪ್ಪಿದನಂತೆ. ಅಕ್ಕತಂಗಿಯರು ಹೊಂದಿಕೊಂಡು ಹೋಗುತ್ತಾರೆ ಅಂತ ಇಬ್ಬರೂ ಎಲೆಯಡಿಕೆ ಹಾಕಿಕೊಂಡರಂತೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಗೂಡು ಬಿಡಿಸುವವರು ಹುಳುವನ್ನು ಕೇಳುವುದಿಲ್ಲವಲ್ಲ.

ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ತೋಟದಲ್ಲಿ ನಾನೇ ಅವಳ ದಾರಿಗೆ ಅಡ್ಡ ನಿಂತೆ.

"ನನ್ ಮೇಲೆ ಯಾಕಕ್ಕ ಕೋಪ? ನಾನೇನು ಹೂಂ ಅಂದ್ನಾ?"

"ಕೋಪ ಅಲ್ಲ ಕಣೇ. ನಿನ್ನ ಸವತಿ ಅಂತ ಹೆಂಗೆ ಅನ್ಕೊಳ್ಳೋದು ಅಂತ ನೋಡ್ತಿದ್ದೆ. ಬಾಯಿಗೆ ಬರ್ತಿಲ್ಲ."

ಅಷ್ಟು ಹೇಳಿ ಬುಟ್ಟಿಯನ್ನು ಕೆಳಗಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಲಕ್ಕಮ್ಮನನ್ನು ರಾಕ್ಷಸಿ ಅಂದುಬಿಡುವುದು ಸುಲಭ, ನಾನೂ ಬೇಕಾದಷ್ಟು ಸಲ ಅಂದಿದ್ದೇನೆ. ಆದರೆ ಅವಳಿಗೂ ಮೊದಲು ಹುಟ್ಟಿದ್ದು ನಾಲ್ಕು ಹೆಣ್ಣು. ಗಂಡ ಎರಡನೆಯವಳನ್ನು ತಂದಾಗ ಅವಳೇ ಆರತಿ ಎತ್ತಿ ಒಳಗೆ ಕರೆದುಕೊಂಡಳಂತೆ. ಆಮೇಲೆ ಅವಳ ಚಾಪೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು. ವರ್ಷಗಳ ಮೇಲೆ ಪಿಳ್ಳಪ್ಪ ಹುಟ್ಟಿದ, ಆಗ ಚಾಪೆ ಒಳಗೆ ಬಂತು. ಆ ಸವತಿ ಪ್ಲೇಗಿನಲ್ಲಿ ಹೋದಳು, ಗಂಡನೂ ಹೋದ. "ನಾನು ನುಂಗ್ಕೊಂಡೆ, ಇವಳ ಗಂಟಲೇನು ಚಿನ್ನದ್ದಾ?" ಅನ್ನುತ್ತಿದ್ದಳು.

ಅಕ್ಕನಿಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿತ್ತು. ಮೊಟ್ಟೆ ಇಡಿಸಲು ಆರಿಸಿದ ಬಿತ್ತನೆ ಗೂಡು ತುಂಬಿದ ಗಾಡಿ ಮೊಟ್ಟೆಮನೆಗೆ ಹೊರಟ ದಿನ ಆ ಹೊಟ್ಟೆ ಹೊತ್ತುಕೊಂಡು ತಾನೂ ಹತ್ತಿದಳು, ನನ್ನನ್ನೂ ಹತ್ತಿಸಿಕೊಂಡಳು. ಗಾಡಿ ಹೊಡೆಯುವ ಲಕ್ಷ್ಮಯ್ಯ ಬೇಡವೆಂದರೂ ಕೇಳಲಿಲ್ಲ.

ತಾಜುದ್ದೀನ್ ಸಾಹೇಬರು ಹೊಸಕೋಟೆ ಕಡೆಯವರು. ಚಿಕ್ಕ ವಯಸ್ಸು, ಮೆಲುಮಾತು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತಿದ್ದರು. ಅಕ್ಕ ಹೊಸಿಲ ಹೊರಗೇ ನಿಂತು ಕೇಳಿದಳು.

"ಸಾಹೇಬ್ರೆ, ಗಂಡು ಹೆಣ್ಣು ತಾಯಿಂದಾನೇ ಅಂತ ನೀವು ಹೇಳಿದ್ದು ಚಿಟ್ಟೆಗೋ, ನನಗೋ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅವಳ ಹೊಟ್ಟೆ ನೋಡಿ, ಮುಖ ನೋಡಿ, ಅರ್ಥವಾದ ಮೇಲೆ ಎದ್ದು ಬೆಂಚು ಎಳೆದು ಕೂರಿಸಿದರು. ಬೀರುವಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಒಂದು ಚಿತ್ರ ತೋರಿಸಿದರು. ಕತ್ತರಿಸಿ ಚೆಲ್ಲಿದ ದಾರದ ತುಂಡುಗಳ ಹಾಗಿತ್ತು.

"ಇದಕ್ಕೆ ಕ್ರೋಮೋಸೋಮ್ ಅಂತಾರಮ್ಮ. ಎಳೆ ಅಂತ ಇಟ್ಕೊಳ್ಳಿ. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಣೆಗಳಿಂದ ಆಗಿದೆ. ಒಂದೊಂದು ಕೋಣೆಯೊಳಗೂ ಈ ಎಳೆಗಳು ಸುತ್ಕೊಂಡು ಕೂತಿರ್ತಾವೆ. ಮೂಗು ಹೆಂಗಿರ್ಬೇಕು, ಎತ್ತರ ಎಷ್ಟು, ಕೂದಲು ಗುಂಗುರೋ ನೆಟ್ಟಗೋ, ಎಲ್ಲಾದಕ್ಕೂ ಹುಕುಂ ಇದರಲ್ಲೇ."

"ಮೈ ಬೆಳೆದಂಗೆ ಇವು ಹರ್ಕೊಂಡು ಹೋಗಲ್ವಾ?" ಅಂತ ಅಕ್ಕ ಕೇಳಿದಳು.

"ಇಲ್ಲ. ಒಂದು ಕೋಣೆ ಎರಡಾಗೋಕೆ ಮುಂಚೆ ಪ್ರತಿ ಎಳೆಯೂ ತನ್ನಂಥದ್ದೇ ಇನ್ನೊಂದನ್ನ ಮಾಡ್ಕೊಳ್ಳುತ್ತೆ. ಆಮೇಲೆ ಎರಡಕ್ಕೂ ಸಮ ಸಮ. ಎಳೆಗಳೆಲ್ಲ ಜೊತೆ ಜೊತೆ ಇರ್ತಾವೆ. ಒಂದು ತಾಯಿ ಕಡೆಯದು, ಒಂದು ತಂದೆ ಕಡೆಯದು. ಮಗುವಿಗೆ ಕೊಡೋವಾಗ ಮಾತ್ರ ಇಬ್ಬರೂ ಜೊತೆಯಲ್ಲಿ ಒಂದೊಂದನ್ನೇ ಕೊಡ್ತಾರೆ."

ಒಟ್ಟು ನಲವತ್ತೆಂಟು ಎಳೆ ಅಂದಿದ್ದರು. ಆ ಕಾಲಕ್ಕೆ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಹಾಗೇ ಎಣಿಸಿದ್ದರಂತೆ. ನಲವತ್ತಾರೇ ಇರುವುದು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

"ಈ ಒಂದು ಜೊತೆ ನೋಡಿ. ಗಂಡೋ ಹೆಣ್ಣೋ ಅನ್ನೋದು ಇದರಿಂದ. ಹೆಂಗಸರಲ್ಲಿ ಎರಡೂ ಉದ್ದ, ಎರಡೂ ಒಂದೇ ತರ. ಗಂಡಸರಲ್ಲಿ ಒಂದು ಉದ್ದ, ಒಂದು ಗಿಡ್ಡ. ತಾಯಿ ಯಾವುದನ್ನ ಕೊಟ್ಟರೂ ಉದ್ದದ್ದೇ. ತಂದೆ ಉದ್ದದ್ದು ಕೊಟ್ಟರೆ ಹೆಣ್ಣು, ಗಿಡ್ಡ ಕೊಟ್ಟರೆ ಗಂಡು. ರೇಷ್ಮೆ ಚಿಟ್ಟೆಯಲ್ಲಿ ಇದು ತಿರುಗಾಮುರುಗಾ. ಅಲ್ಲಿ ಬೇರೆ ಬೇರೆ ಇರೋದು ತಾಯಿಯ ಎಳೆ. ನಾನು ಹೇಳಿದ್ದು ಅದನ್ನ."

ಅಕ್ಕ ಆ ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು. ಅವಳು ಅಷ್ಟು ಹೊತ್ತು ಅಲ್ಲಾಡದೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಭಾವ ಚಿಟ್ಟೆಯ ಬುಟ್ಟಿ ಹಿಡಿದು ಒಳಗೆ ಬಂದ. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತ. ಸಾಹೇಬರು ಅವನಿಗೂ ಮೊದಲಿನಿಂದ ಹೇಳಿದರು. ಅವನ ಮುಖ ಕಪ್ಪಿಟ್ಟಿತು.

"ಹಂಗಾದ್ರೆ ತಪ್ಪು ನಂದಾ ಸ್ವಾಮಿ?"

"ತಪ್ಪು ಯಾರದೂ ಅಲ್ಲ ಪಿಳ್ಳಪ್ಪ. ನೀವೇನು ಕೈಯಾರೆ ಆರಿಸಿ ಕೊಟ್ಟಿರಾ? ಎಷ್ಟು ಮದುವೆ ಆದ್ರೂ ಇದು ಹಿಂಗೇ, ಅದೃಷ್ಟದ ಆಟ. ಆದ್ರೆ ಕೊಡೋರು ನೀವೇ."

ವಾಪಸು ಬರುವಾಗ ಭಾವ ನಮ್ಮ ಗಾಡಿಯ ಪಕ್ಕದಲ್ಲೇ ನಡೆದುಬಂದ. ಹುಣಸೆ ತೋಪಿನ ಹತ್ತಿರ ಲಕ್ಷ್ಮಯ್ಯ ಎತ್ತಿಗೆ ನೀರು ಕುಡಿಸಲು ಹೋದಾಗ ಬಾಯಿಬಿಟ್ಟ.

"ಇದನ್ನ ಅಮ್ಮನ ಹತ್ರ ಹೇಳ್ಬೇಡ."

"ಯಾಕೆ?"

"ಊರಲ್ಲಿ ತಲೆ ಎತ್ಕೊಂಡು ಓಡಾಡಂಗಿಲ್ಲ ಆಮೇಲೆ. ಗಂಡು ಕೊಡಕ್ಕಾಗ್ದೋನು ಅಂತಾರೆ."

"ಇಷ್ಟು ವರ್ಷ ನಾನು ತಲೆ ತಗ್ಗಿಸ್ಕೊಂಡೇ ಓಡಾಡ್ದೆ," ಅಂದಳು ಅಕ್ಕ. "ಆಯ್ತು, ನಾನು ಹೇಳಲ್ಲ. ಹೇಳಿದ್ರೂ ಯಾರೂ ನಂಬಲ್ಲ. ಹೇಳ್ಬೇಕಾದೋನು ನೀನು."

"ನೋಡೋಣ" ಅಂದ. ಗಂಡಸರು ನೋಡೋಣ ಅಂದರೆ ಏನೂ ನೋಡುವುದಿಲ್ಲ ಅಂತ ನನಗೆ ಆ ವಯಸ್ಸಿಗೇ ಗೊತ್ತಿತ್ತು.

ನಾನಂತೂ ಬಾಯಿ ಮುಚ್ಚಿಕೊಂಡಿರುವವಳಲ್ಲ. ಮಾರನೇ ದಿನವೇ ಲಕ್ಕಮ್ಮನಿಗೆ ಎಳೆಯ ಕತೆಯೆಲ್ಲ ಹೇಳಿದೆ. ಅವಳು ನಕ್ಕಳು. "ಮದುವೆ ತಪ್ಪಿಸ್ಕೊಳ್ಳಕ್ಕೆ ಅಕ್ಕತಂಗೀರು ಚೆನ್ನಾಗೇ ಕತೆ ಕಟ್ಟಿದೀರ" ಅಂದಳು. ಮೊಟ್ಟೆಮನೆಯಿಂದ ಮಗ ತಂದ ಮಾತು ಅವಳಿಗೆ ವಿದ್ಯೆ, ನಾನು ತಂದದ್ದು ಕಟ್ಟುಕತೆ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಭಾವ ಊಟದ ಮಧ್ಯೆ ಎದ್ದುಹೋಗುತ್ತಿದ್ದ. ಅಮ್ಮನ ಎದುರು ಬಂದು ನಿಂತು, ಕೆಮ್ಮಿ, ಸೊಪ್ಪಿನ ಮಾತೆತ್ತಿ ಹೊರಟುಬಿಡುತ್ತಿದ್ದ. ಕಣ್ಣಿಗೆ ಮೋಸವಿಲ್ಲದವನು ಗಂಡು ಚಿಟ್ಟೆಯನ್ನು ಹೆಣ್ಣಿನ ತಟ್ಟೆಗೆ ಹಾಕಿ ಬೈಸಿಕೊಂಡನಂತೆ. ಆವತಿಯಿಂದ ಅಪ್ಪ ಮದುವೆಗೆ ಅಂತ ನನಗೊಂದು ಕೆಂಪು ಸೀರೆ ಕಳಿಸಿದ. ಅದನ್ನು ಬಿಚ್ಚಿಯೂ ನೋಡದೆ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಅಕ್ಕ ಕೂತಲ್ಲಿ ಕೂರದೆ, ಆಗಲೇ ಸೊಪ್ಪು ಹಾಕಿದ ತಟ್ಟೆಗೆ ಮತ್ತೆ ಸೊಪ್ಪು ಹಾಕುತ್ತಿದ್ದಳು.

ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ ಮಧ್ಯಾಹ್ನ ಅವಳಿಗೆ ನೋವು ಬಂತು. ಸೂಲಗಿತ್ತಿ ಅಮ್ಮಯಮ್ಮ ಬಂದಳು. ಭಾವ ಅಂಗಳದಲ್ಲಿ ಶತಪಥ ತಿರುಗುತ್ತಿದ್ದ. ನೆರೆಹೊರೆಯ ಹೆಂಗಸರು ಜಗಲಿಯಲ್ಲಿ ಸೇರಿದ್ದರು, ಅವರಲ್ಲಿ ಅರ್ಧ ಜನ ಮಗು ನೋಡಲು ಬಂದವರು, ಇನ್ನರ್ಧ ನನ್ನ ಮುಖ ನೋಡಲು. ಮಗು ಅತ್ತಿತು. ಅಮ್ಮಯಮ್ಮ ಬಾಗಿಲಿಗೆ ಬಂದು, "ಹೆಣ್ಣು" ಅಂತ ಹೇಳಿ ಒಳಗೆ ಹೋದಳು.

ಲಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಲಕ್ಷ್ಮಯ್ಯ, ಗಾಡಿ ಕಟ್ಟು. ಆವತಿಗೆ ಹೋಗ್ಬೇಕು."

ಲಕ್ಷ್ಮಯ್ಯ ನೊಗಕ್ಕೆ ಕೈಹಾಕಿದ. ಭಾವ ತಿರುಗುವುದನ್ನು ನಿಲ್ಲಿಸಿದ. ಟವೆಲು ಅವನ ಕೈಯಲ್ಲೇ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಆಚೆ ನಡೆಯುತ್ತಾನೆ ಅಂದುಕೊಂಡೆ.

"ಗಾಡಿ ಬೇಡ ಲಕ್ಷ್ಮಯ್ಯ," ಅಂದ.

"ಯಾಕೋ?" ಅಂದಳು ಲಕ್ಕಮ್ಮ.

"ರುಕ್ಮಿಣಿ ಹೇಳಿದ್ದು ಕತೆ ಅಲ್ಲಮ್ಮ. ನಾನು ಹೇಳಿದ್ದೇ ತಪ್ಪು. ಅದು ಚಿಟ್ಟೆಗೆ." ಜಗಲಿಯ ಹೆಂಗಸರೆಲ್ಲ ಕೇಳುತ್ತಿದ್ದಾರೆ ಅಂತ ಅವನಿಗೆ ಗೊತ್ತಿತ್ತು, ಆದರೂ ದನಿ ತಗ್ಗಿಸಲಿಲ್ಲ. "ಮನುಷ್ಯರಲ್ಲಿ ಗಂಡೋ ಹೆಣ್ಣೋ ಅನ್ನೋದು ಗಂಡಸಿಂದ ಬರೋದು. ನಾಲ್ಕೂ ಹೆಣ್ಣು ನಾನೇ ಕೊಟ್ಟಿದ್ದು. ಅವಳದು ಏನೂ ಇಲ್ಲ. ಯಾರನ್ನ ತಂದ್ರೂ ಅಷ್ಟೇ."

ಒಬ್ಬಳು ಮುಸಿಮುಸಿ ನಕ್ಕಳು. ಭಾವನ ಕಿವಿ ಕೆಂಪಾಯಿತು, ಆದರೆ ಅಲ್ಲೇ ನಿಂತಿದ್ದ. ಭಾವನನ್ನು ನಾನು ಮನಸ್ಸಿನಲ್ಲಿ ಬೈದದ್ದೆಷ್ಟೋ. ಆ ಗಳಿಗೆ ಅವನ ಕಾಲಿಗೆ ಬೀಳಬೇಕು ಅನ್ನಿಸಿತು.

ಲಕ್ಕಮ್ಮ ಅವನನ್ನೇ ನೋಡಿದಳು. ಬೈಯುತ್ತಾಳೆ ಅಂತ ನಾವೆಲ್ಲ ಕಾದೆವು. ಅವಳು ಸೊಂಟದಿಂದ ಸೆರಗು ಬಿಚ್ಚಿದಳು, ಗೋಡೆ ಹಿಡಿದುಕೊಂಡು ಅಕ್ಕ ಮಲಗಿದ್ದ ಕೋಣೆಯ ಹೊಸಿಲ ಮೇಲೆ ಕೂತಳು. ಅವಳ ದನಿ ಸಣ್ಣಗಿತ್ತು, ಜಗಲಿಯವರೆಗೂ ಮುಟ್ಟಲಿಲ್ಲ.

"ನಿಮ್ಮಪ್ಪಂಗೂ ಹಂಗೇ ಏನೋ?"

ಉತ್ತರ ಬಂದದ್ದು ಒಳಗಿನಿಂದ, ಹೆತ್ತ ಸುಸ್ತಿನಲ್ಲಿ ಮಲಗಿದ್ದ ಅಕ್ಕನಿಂದ.

"ಹೂಂ ಕಣತ್ತೆ. ನಿಮ್ಮದೂ ಏನೂ ತಪ್ಪಿರಲಿಲ್ಲ."